ಚಕ್ರದಡಿಯ ನಿಂಬೆಹಣ್ಣು, ಅಮೆರಿಕದ ಲೆಮನ್ ಲಾ: ಹೊಸ ಪಿಕಪ್ ಪದೇ ಪದೇ ಕೆಟ್ಟರೆ ಏನ್ಮಾಡೋದು?

(ಈ ವಾರದ ಆಡಿಯೊ ಸಂಚಿಕೆಯ ಬರಹರೂಪ)

 

2024ರ ಆಯುಧಪೂಜೆಗೆ ಎರಡು ದಿನ ಮುಂಚೆ ನನ್ನ ಸೋದರಮಾವ ಹೊಸ ಪಿಕಪ್ ತಗೊಂಡ್ರು. ಕಳಸದ ಹತ್ರ ಅವರಿಗೆ ಎರಡು ಎಕರೆ ಕಾಫಿ ಇದೆ, ಆದ್ರೆ ಮನೆ ನಡೆಯೋದು ಬಾಡಿಗೆಯಿಂದ. ಸೀಸನ್ನಲ್ಲಿ ಸುತ್ತಲಿನ ಸಣ್ಣ ಬೆಳೆಗಾರರ ಕಾಫಿ ಚೀಲಗಳನ್ನ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೊಡೀತಾರೆ. ಉಳಿದ ದಿನ ಗೊಬ್ಬರ, ಮೆಣಸು, ಅಡಿಕೆ, ಯಾರದೋ ಮದುವೆಯ ಪಾತ್ರೆ, ಶಾಮಿಯಾನ. ಗಾಡಿಯ ಬೆಲೆ 10 ಲಕ್ಷದ 80 ಸಾವಿರ. ಅದರಲ್ಲಿ 9 ಲಕ್ಷ ಸಾಲ, ಐದು ವರ್ಷ, ತಿಂಗಳಿಗೆ 19 ಸಾವಿರ ಚಿಲ್ಲರೆ ಕಂತು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು, ಗಾಡಿ ಮುಂದೆ ಬಿಟ್ರು. ನಿಂಬೆಹಣ್ಣು ನಾಲ್ಕೂ ಸರಿಯಾಗೇ ಒಡೀತು. ಗಾಡಿ ಮಾತ್ರ ಐದನೇ ವಾರಕ್ಕೆ ಮಾಗುಂಡಿ ಕಡೆ ಏರಿನಲ್ಲಿ ನಿಂತ್ಕೊಳ್ತು.

ನಿಂತ್ಕೊಳ್ತು ಅಂದ್ರೆ ಪೂರ್ತಿ ಆಫ್ ಆಗಲಿಲ್ಲ. ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟು ಬಂತು, ಆಮೇಲೆ ಎಷ್ಟು ತುಳಿದ್ರೂ ಎಳೀತಿಲ್ಲ. ಲೋಡ್ ಇಳಿಸಿ, ಬೇರೆ ಗಾಡಿ ಕರೆಸಿ, ಇವರದ್ದನ್ನ ಶೋರೂಮಿಗೆ ಎಳ್ಕೊಂಡು ಹೋಗಿದ್ದಾಯ್ತು. 'ಸೆನ್ಸರ್ ಸರ್, ಚೇಂಜ್ ಮಾಡಿದೀವಿ' ಅಂದ್ರು. ಮೂರು ವಾರಕ್ಕೆ ಮತ್ತೆ ಅದೇ. ಎಂಟು ತಿಂಗಳಲ್ಲಿ ಐದು ಸಲ ವರ್ಕ್‌ಶಾಪು, ಒಟ್ಟು 41 ದಿನ. ಆ ಐದರಲ್ಲಿ ಮೂರು ಸಲ ಕಾಫಿ ಕೊಯ್ಲಿನ ಟೈಮಲ್ಲೇ. ಗಾಡಿ ನಿಂತಿದ್ದ ದಿನಗಳಿಗೇ ಲೆಕ್ಕ ಹಾಕಿದ್ರೆ ಬರೀ ಕಂತು 26 ಸಾವಿರ. ಕೈತಪ್ಪಿದ ಬಾಡಿಗೆ ಬೇರೆ.

ಕಂಪನಿ ಯಾವುದು, ಶೋರೂಮ್ ಯಾವುದು ಅಂತ ಹೇಳಲ್ಲ. ಕೇಸ್ ನಡೀತಿದೆ. ಮತ್ತೆ ಈ ಸಂಚಿಕೆ ಇರೋದು ಒಂದು ಕಂಪನಿಯನ್ನ ಬೈಯೋಕಲ್ಲ.

ಮಾವ ಫೋನ್ ಮಾಡಿ ಕೇಳಿದ್ದು ಇಷ್ಟೇ: 'ನೀನು ಯೂಟ್ಯೂಬು ಅದು ಇದು ಅಂತ ಮಾತಾಡ್ತೀಯಲ್ಲ ಮಾರಾಯ್ತಿ, ಅಮೆರಿಕದಲ್ಲಿ ಗಾಡಿ ಹೀಗೆ ಕೆಟ್ರೆ ವಾಪಸ್ ತಗೋತಾರಂತೆ. ನಮ್ಮಲ್ಲಿ ಇಲ್ವಾ?'

ಅಮೆರಿಕದ್ದು ಹೇಳಿಬಿಡ್ತೀನಿ. ಅಲ್ಲಿ ಹೊಸದಾಗಿದ್ದೂ ಸದಾ ಕೆಡುವ ಗಾಡಿಗೆ 'ಲೆಮನ್' ಅಂತಾರೆ. ಬಿಕಾಂ, ಎಕನಾಮಿಕ್ಸ್ ಓದಿದವರಿಗೆ ಜಾರ್ಜ್ ಅಕರ್ಲಾಫ್ ನೆನಪಿರಬಹುದು. 1970ರಲ್ಲಿ ಅವರು ಬರೆದ ಪ್ರಬಂಧದ ಹೆಸರಲ್ಲೇ ಲೆಮನ್ ಇದೆ. ಮಾರೋನಿಗೆ ಗೊತ್ತಿರೋ ದೋಷ ಕೊಳ್ಳೋನಿಗೆ ಗೊತ್ತಿರಲ್ಲ, ಅದರಿಂದ ಇಡೀ ಮಾರುಕಟ್ಟೆ ಹೇಗೆ ಹಾಳಾಗುತ್ತೆ ಅನ್ನೋದು ಅದರ ವಿಷಯ. 2001ರಲ್ಲಿ ನೊಬೆಲ್ ಹಂಚಿಕೊಂಡರು. ಲೆಮನ್ ಲಾ ಅನ್ನೋ ಕಾನೂನು ಮೊದಲು ಬಂದಿದ್ದು 1982ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಸುಮಾರಾಗಿ ಲೆಕ್ಕ ಹೀಗೆ: ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಮಾಡಿಯೂ ಸರಿಯಾಗದಿದ್ರೆ, ಅಥವಾ ಒಟ್ಟು 30 ದಿನ ಗಾಡಿ ವರ್ಕ್‌ಶಾಪಲ್ಲೇ ಇದ್ರೆ, ಅದು ಲೆಮನ್ ಅಂತ ಕಾನೂನೇ ಊಹಿಸಿಕೊಳ್ಳುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಈ ಊಹೆಗೆ 18 ತಿಂಗಳು ಅಥವಾ 18 ಸಾವಿರ ಮೈಲಿಯ ಮಿತಿ. ಅಲ್ಲೂ ಎಲ್ಲ ಲಾರಿಗೂ ಇದು ಸಿಗಲ್ಲ. ವ್ಯವಹಾರಕ್ಕೆ ಇಟ್ಕೊಂಡ ಗಾಡಿ ಆದ್ರೆ ಒಟ್ಟು ತೂಕ 10 ಸಾವಿರ ಪೌಂಡ್, ಅಂದ್ರೆ ನಾಲ್ಕೂವರೆ ಟನ್‌ಗಿಂತ ಕಡಿಮೆ ಇರಬೇಕು, ಮಾಲೀಕನ ಹೆಸರಲ್ಲಿ ಐದಕ್ಕಿಂತ ಹೆಚ್ಚು ಗಾಡಿ ಇರಬಾರದು. ಮಾವನ ಪಿಕಪ್ ಅಲ್ಲಿದ್ದಿದ್ರೆ ಪಾಸಾಗ್ತಿತ್ತು.

ಭಾರತದಲ್ಲಿ ಲೆಮನ್ ಲಾ ಇಲ್ಲ. 'ನಾಲ್ಕು ಸಲ ಕೆಟ್ರೆ ಬದಲಿ ಗಾಡಿ' ಅನ್ನೋ ಲೆಕ್ಕ ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. ವಾಟ್ಸ್ಯಾಪಲ್ಲಿ ಯಾರಾದ್ರೂ ಇದೆ ಅಂತ ಫಾರ್ವರ್ಡ್ ಮಾಡಿದ್ರೆ ನಂಬಬೇಡಿ. ನಮಗಿರೋದು ಗ್ರಾಹಕರ ಸಂರಕ್ಷಣಾ ಕಾಯ್ದೆ 2019. 1986ರ ಹಳೇ ಕಾಯ್ದೆ ಹೋಗಿ ಇದು 2020ರ ಜುಲೈನಲ್ಲಿ ಜಾರಿಗೆ ಬಂತು. ಇದರಲ್ಲಿ ಬದಲಿ ಗಾಡಿಯೂ ಇದೆ, ಹಣ ವಾಪಸೂ ಇದೆ. ಆದ್ರೆ ಲಾರಿ, ಪಿಕಪ್‌ನವರಿಗೆ ಬಾಗಿಲಲ್ಲೇ ಒಂದು ಪ್ರಶ್ನೆ ಕಾಯ್ತಿರುತ್ತೆ: ನೀವು ಗ್ರಾಹಕರೇನಾ?

ಇದು ಕುಹಕ ಅಲ್ಲ. ಕಾಯ್ದೆಯ 2(7)ನೇ ಸೆಕ್ಷನ್ ಪ್ರಕಾರ 'ವಾಣಿಜ್ಯ ಉದ್ದೇಶ'ಕ್ಕೆ ಕೊಂಡವನು ಗ್ರಾಹಕ ಅಲ್ಲ. ಹಳದಿ ಬೋರ್ಡ್ ಗಾಡಿ ಅಂದ್ರೆ ಬಾಡಿಗೆಗೆ, ಬಾಡಿಗೆ ಅಂದ್ರೆ ವಾಣಿಜ್ಯ, ಆದ್ದರಿಂದ ಕೇಸ್ ವಜಾ ಮಾಡಿ. ಕಂಪನಿ ವಕೀಲರ ಉತ್ತರದಲ್ಲಿ ಇದು ಮೊದಲ ಪ್ಯಾರಾದಲ್ಲೇ ಇರುತ್ತೆ. ಆದ್ರೆ ಅದೇ ಸೆಕ್ಷನ್ನಿನ ವಿವರಣೆಯಲ್ಲಿ ಒಂದು ವಿನಾಯಿತಿ ಇದೆ. ಸ್ವಉದ್ಯೋಗದ ಮೂಲಕ, ಹೊಟ್ಟೆಪಾಡಿಗಾಗಿ ಮಾತ್ರ, ತಾನೇ ಬಳಸೋಕೆ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ.

ಇದನ್ನ ಬಿಡಿಸಿ ಹೇಳಿದ್ದು ಸುಪ್ರೀಂ ಕೋರ್ಟಿನ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪು. ತಮಾಷೆ ಅಂದ್ರೆ ಕೇಸ್ ಹಾಕಿದ್ದ ಆ ಸಂಸ್ಥೆ ಸೋತಿತು, ಅವರ ಯಂತ್ರ ವಾಣಿಜ್ಯ ಉದ್ದೇಶದ್ದು ಅಂತ ಆಯ್ತು. ಆದ್ರೆ ತೀರ್ಪಿನಲ್ಲಿ ಉದಾಹರಣೆಗೆ ಅಂತ ನ್ಯಾಯಾಲಯ ಹೇಳಿದ ಮಾತು ಇವತ್ತಿಗೂ ಡ್ರೈವರ್‌ಗಳನ್ನ ಕಾಯ್ತಿದೆ. ಆಟೋ ಕೊಂಡು ತಾನೇ ಓಡಿಸಿ ಬದುಕೋನು ಗ್ರಾಹಕ. ಲಾರಿ ಕೊಂಡು ತಾನೇ ಬಾಡಿಗೆಗೆ ಓಡಿಸೋನೂ ಗ್ರಾಹಕ. ಸಹಾಯಕ್ಕೆ ಒಬ್ಬಿಬ್ಬರನ್ನ ಇಟ್ಕೊಂಡ್ರೂ ಗ್ರಾಹಕತ್ವ ಹೋಗಲ್ಲ. ಆದ್ರೆ ಗಾಡಿಯನ್ನ ಪೂರ್ತಿ ಬೇರೆಯವರೇ ಓಡಿಸೋಕೆ ಅಂತ ಕೊಂಡ್ರೆ ಗ್ರಾಹಕ ಅಲ್ಲ.

ನಮ್ಮ ಕೇಸಲ್ಲಿ ನಿಜವಾದ ತಲೆನೋವು ಶುರುವಾಗಿದ್ದು ಇಲ್ಲೇ. ಮಾವನಿಗೆ ಬಲ ಭುಜದ ನೋವು. ಡಾಕ್ಟರು ಮೂರು ತಿಂಗಳು ಸ್ಟೇರಿಂಗ್ ಮುಟ್ಟಬೇಡಿ ಅಂದಿದ್ರು. ಪಕ್ಕದ ಮನೆ ಹುಡುಗನ್ನ ಸಂಬಳಕ್ಕೆ ಡ್ರೈವರ್ ಮಾಡ್ಕೊಂಡು, ತಾವು ತೋಟ ನೋಡ್ಕೊಳ್ಳೋ ಆಲೋಚನೆಯಲ್ಲಿದ್ರು. ಮನುಷ್ಯನಾಗಿ ಯೋಚಿಸಿದ್ರೆ ಸರಿಯಾದ ತೀರ್ಮಾನವೇ. ಆದ್ರೆ ಹಾಗೆ ಬಿಟ್ಟುಬಿಟ್ರೆ ಎದುರಿನವರಿಗೆ ಒಂದು ವಾದ ಉಡುಗೊರೆ ಕೊಟ್ಟ ಹಾಗೆ. ಆಗ ಒಬ್ಬ ವಕೀಲರನ್ನ ಕೇಳಿದ್ವಿ. ಡಾಕ್ಟರ್ ಚೀಟಿ ಇಟ್ಕೊಳ್ಳಿ, ಹುಡುಗ ಸಹಾಯಕ್ಕೆ ಇರಲಿ, ಗಾಡಿ ವ್ಯವಹಾರ, ಬಾಡಿಗೆ, ಓಡಾಟ ನಿಮ್ಮ ಕೈಲೇ ಇರಲಿ ಅಂದ್ರು. ಮಾವ ಈಗ ಕಷ್ಟದ ತಿರುವು ಬಂದಾಗ ತಾವೇ ಓಡಿಸ್ತಾರೆ. ಮಿಕ್ಕ ಟೈಮು ಹುಡುಗನ ಪಕ್ಕದಲ್ಲಿ ಕೂತು 'ಕ್ಲಚ್, ಕ್ಲಚ್' ಅಂತಿರ್ತಾರೆ. ಭುಜಕ್ಕೆ ಇದು ಒಳ್ಳೇದಲ್ಲ, ನನಗೂ ಗೊತ್ತು.

ಇದೇ ವಿಷಯದಲ್ಲಿ ಒಬ್ಬ ಕಾಮರ್ಸ್ ಪದವೀಧರೆಯಾಗಿ ಒಂದು ಮಾತು. ಗಾಡಿ ತಗೊಳ್ಳೋವಾಗ ಜಿಎಸ್‌ಟಿ ಕ್ರೆಡಿಟ್ ಸಿಗುತ್ತೆ ಅಂತ ಅಣ್ಣನ ಟ್ರೇಡರ್ಸ್ ಹೆಸರಲ್ಲಿ ಬಿಲ್ ಮಾಡಿಸೋದು ನಮ್ಮ ಕಡೆ ಮಾಮೂಲು. ತೆರಿಗೆ ಉಳಿಯಬಹುದು. ನಾಳೆ ಗಾಡಿ ಕೆಟ್ಟಾಗ ಆ ಬಿಲ್ಲೇ 'ನೋಡಿ ಸ್ವಾಮಿ, ಇದು ವ್ಯಾಪಾರ' ಅಂತ ಸಾಕ್ಷಿ ಹೇಳುತ್ತೆ. ಮಾವನ ಪುಣ್ಯ, ಬಿಲ್, ಆರ್‌ಸಿ, ಸಾಲ, ಲೈಸೆನ್ಸ್ ನಾಲ್ಕೂ ಅವರ ಹೆಸರಲ್ಲೇ ಇದ್ದವು. ದೂರಿನಲ್ಲಿ 'ಇದು ನನ್ನ ಜೀವನೋಪಾಯ, ನಾನೇ ಓಡಿಸ್ತೀನಿ' ಅನ್ನೋ ವಾಕ್ಯ ಸ್ಪಷ್ಟವಾಗಿ ಇರಲೇಬೇಕು. ಬರೆಯದೆ ಬಿಟ್ಟು ಆಮೇಲೆ ಹೇಳಿದ್ರೆ ತಡವಾಗುತ್ತೆ.

ಸರಿ, ಗ್ರಾಹಕ ಅಂತ ಆಯ್ತು. ದೋಷ ಅಂತ ತೋರಿಸೋದು ಹೇಗೆ?

ಶೋರೂಮಿನವರ ವಾದ ಕೇಳಿ. 'ಗಾಡಿ ದೋಷ ಅಲ್ಲ ಸರ್, ನೀವು ಓಡಿಸೋ ರೀತಿ.' ಇದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಇದು ಅಪಾಯದ ವಾದ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಹೊಸ ಡೀಸೆಲ್ ಗಾಡಿಗಳ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಹೊಗೆಯ ಮಸಿಯನ್ನ ಅದು ಹಿಡ್ಕೊಳ್ಳುತ್ತೆ. ತುಂಬಿದಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಆ ಮಸಿಯನ್ನ ಗಾಡಿಯೇ ಸುಟ್ಕೋಬೇಕು. ಅಷ್ಟು ಬಿಸಿ ಬರೋಕೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನಮ್ಮ ತೋಟದ ದಾರಿಯಲ್ಲಿ? ಫಸ್ಟ್, ಸೆಕೆಂಡ್, ನಿಲ್ಲಿಸು, ಲೋಡ್ ಮಾಡು, ಮತ್ತೆ ಫಸ್ಟ್. ಮಸಿ ತುಂಬುತ್ತೆ, ಸುಡೋದು ಅರ್ಧಕ್ಕೇ ನಿಲ್ಲುತ್ತೆ, ಲೈಟ್ ಬರುತ್ತೆ, ಆಮೇಲೆ ಎಂಜಿನ್ ಉಳಿಸೋಕೆ ಕಂಪ್ಯೂಟರೇ ಪವರ್ ಕಟ್ ಮಾಡುತ್ತೆ. 'ಹೈವೇಯಲ್ಲಿ ಇಪ್ಪತ್ತು ನಿಮಿಷ 60ರ ಮೇಲೆ ಓಡಿಸಿ' ಅಂತ ಸಲಹೆ ಕೊಟ್ರು. ಕಳಸದಿಂದ ಹೊರಟು ಬ್ರೇಕ್ ಮುಟ್ಟದೆ ಇಪ್ಪತ್ತು ನಿಮಿಷ ಓಡಿಸೋ ರಸ್ತೆ ಯಾವುದು ಅಂತ ಮಾವ ಕೇಳಿದ್ರೆ, ಆ ಹುಡುಗ ಪಾಪ ನಕ್ಕುಬಿಟ್ಟನಂತೆ.

ಹಾಗಾಗಿ ನಿಮ್ಮ ಗಾಡಿಯಲ್ಲೂ ಹೀಗಾಗ್ತಿದ್ರೆ ಮೊದಲು ನಿಮ್ಮನ್ನೇ ಕೇಳ್ಕೊಳ್ಳಿ. ಇದು ಫಿಲ್ಟರ್ ತುಂಬಿದ್ದಾ, ಅಥವಾ ತುಂಬದಿದ್ರೂ ತುಂಬಿದೆ ಅನ್ನೋ ಸೆನ್ಸರ್ ಸಮಸ್ಯೆಯಾ? ಮಾವ ಒಂದು ಸಲ ಲೋಡ್ ಇಲ್ಲದೆ ಹಾಸನದ ತನಕ ಓಡಿಸಿಕೊಂಡು ಬಂದ್ರು. ಮರುದಿನವೇ ಲೈಟ್ ಬಂತು. ಐದು ಭೇಟಿಯ ಸ್ಕ್ಯಾನ್ ಪ್ರಿಂಟಲ್ಲೂ ಒಂದೇ ಎರರ್ ಕೋಡ್. ಎರಡು ಸಲ ಸೆನ್ಸರ್, ಒಂದು ಸಲ ಇಂಜೆಕ್ಟರ್, ಒಂದು ಸಲ ವೈರಿಂಗ್ ಬದಲಾಯಿಸಿದ್ದಾರೆ. ಕೊನೆಗೆ 'ಇಲಿ ಕಡಿದಿರಬಹುದು' ಅಂದ್ರು. ಇಲಿಗೂ ಒಂದು ಲಿಮಿಟ್ ಇರುತ್ತೆ ಅಲ್ವಾ.

ಇನ್ನೊಂದು ಮುಖ್ಯ ವಿಷಯ. ಎಲ್ಲರೂ 'ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್ ಇದ್ರೆ ಮಾತ್ರ' ಅಂತಾರೆ. ಕಾಯ್ದೆಯ 2(10)ನೇ ಸೆಕ್ಷನ್ ತೆಗೆದು ಓದಿ, ದೋಷದ ವ್ಯಾಖ್ಯಾನದಲ್ಲಿ ಆ ಪದವೇ ಇಲ್ಲ. ಗುಣಮಟ್ಟದಲ್ಲಿ, ಕಾನೂನು ಅಥವಾ ಒಪ್ಪಂದ ಕೇಳೋ ಮಟ್ಟದಲ್ಲಿ, ಅಥವಾ ಮಾರುವವನು ಹೇಳಿಕೊಂಡ ಮಟ್ಟದಲ್ಲಿ ಯಾವುದೇ ಕೊರತೆ ಇದ್ರೂ ಅದು ದೋಷ. ಬೆಟ್ಟ ಹತ್ತೋ ಫೋಟೋ ಹಾಕಿರೋ ಬ್ರೋಷರ್ ಎಸೀಬೇಡಿ ಅನ್ನೋದು ಅದಕ್ಕೇ. ಬಿಕಾಂನಲ್ಲಿ ನಾವು ಪರೀಕ್ಷೆಗೆ ಉರು ಹೊಡೆದ 1930ರ ಸೇಲ್ ಆಫ್ ಗೂಡ್ಸ್ ಆ್ಯಕ್ಟಿನ 16ನೇ ಸೆಕ್ಷನ್ ಕೂಡ ಇಲ್ಲಿ ಜೀವ ಪಡೆಯುತ್ತೆ. ಯಾವ ಕೆಲಸಕ್ಕೆ ಬೇಕು ಅಂತ ಮಾರುವವನಿಗೆ ತಿಳಿಸಿ, ಅವನ ಮಾತು ನಂಬಿ ಕೊಂಡ್ರೆ, ವಸ್ತು ಆ ಕೆಲಸಕ್ಕೆ ತಕ್ಕುದಾಗಿರಬೇಕು. ಮಾವ ಬುಕಿಂಗ್ ಟೈಮಲ್ಲಿ ಸೇಲ್ಸ್ ಹುಡುಗನಿಗೆ ವಾಟ್ಸ್ಯಾಪಲ್ಲಿ 'ನಮ್ದು ಪೂರ್ತಿ ಘಾಟಿ, ತೋಟದ ರೋಡು, ಆಗುತ್ತಾ' ಅಂತ ಕೇಳಿದ್ರು. 'ಆರಾಮಾಗಿ ಸರ್' ಅಂತ ಉತ್ತರ, ಜೊತೆಗೊಂದು ಹೆಬ್ಬೆರಳು. ಆ ಹೆಬ್ಬೆರಳು ಈಗ ದಾಖಲೆ ಪಟ್ಟಿಯಲ್ಲಿದೆ.

ದಾಖಲೆ ಅಂದ್ರೆ ಜಾಬ್ ಕಾರ್ಡ್. ಇಡೀ ಕೇಸಿನ ಬೆನ್ನೆಲುಬು ಅದೇ. ಗಾಡಿ ಒಳಗೆ ಬಿಡುವಾಗ ಸರ್ವಿಸ್ ಅಡ್ವೈಸರ್ 'ಜನರಲ್ ಚೆಕಪ್' ಅಂತ ಟೈಪ್ ಮಾಡ್ತಾರೆ. ಬಿಡಬೇಡಿ. 'ಏರಿನಲ್ಲಿ ಪವರ್ ಕಟ್, ಮೂರನೇ ಸಲ' ಅಂತ ನಿಮ್ಮ ಮಾತಲ್ಲೇ ಬರೆಸಿ. ಒಳಗೆ ಹೋದ ದಿನ, ಹೊರಗೆ ಬಂದ ದಿನ, ಕಿಲೋಮೀಟರ್ ಮೂರೂ ಇರಬೇಕು. ಸ್ಕ್ಯಾನ್ ಪ್ರಿಂಟ್ ಕೇಳಿ. ಗಾಡಿ ತಗೊಳ್ಳೋವಾಗ 'ಕೆಲಸ ತೃಪ್ತಿಕರ' ಅಂತ ಒಂದು ಕಡೆ ಸಹಿ ಹಾಕಿಸ್ಕೋತಾರೆ, ಓಡಿಸಿ ನೋಡದೆ ಹಾಕಬೇಡಿ. ಮಾವ ಮೊದಲ ಎರಡು ಸಲ ಕಣ್ಣು ಮುಚ್ಚಿ ಹಾಕಿದ್ರು, ಈಗ ಅದನ್ನೇ ಎದುರಿನವರು ತೋರಿಸ್ತಿದ್ದಾರೆ. ಬೇರೆ ಗಾಡಿಗೆ ಕೊಟ್ಟ ಬಾಡಿಗೆ ರಸೀದಿ, ಕೈತಪ್ಪಿದ ಲೋಡಿನ ಮೆಸೇಜು, ರಸ್ತೆಯಲ್ಲಿ ನಿಂತಾಗಿನ ವಿಡಿಯೋ, ಎಲ್ಲ ಒಂದು ಫೋಲ್ಡರಲ್ಲಿ ಇಡಿ.

ನಮ್ಮ ಕಡೆಯ ತಪ್ಪೂ ಒಂದಿದೆ, ಹೇಳಲೇಬೇಕು. ಓವರ್‌ಲೋಡ್. ಕಾಫಿ ಚೀಲ 50 ಕೆಜಿ. ಒಂದೂವರೆ ಟನ್ ಗಾಡಿಗೆ ಲೆಕ್ಕ 30 ಚೀಲ. ಸೀಸನ್ನಲ್ಲಿ 40 ಹಾಕದವರು ಯಾರು? ಆದ್ರೆ ಆ ತೂಕದ ಚೀಟಿ ಎದುರಿನವರ ಕೈಗೆ ಸಿಕ್ರೆ ವಾರಂಟಿ ಷರತ್ತು ಮುರಿದಿರಿ ಅಂತಾರೆ, ಆಗ ಕೋಡ್, ಸೆನ್ಸರ್ ಎಲ್ಲ ಹಿಂದಕ್ಕೆ ಹೋಗುತ್ತೆ. ದಂಡ ಬೇರೆ: 20 ಸಾವಿರ, ಮೇಲೆ ಹೆಚ್ಚುವರಿ ಟನ್ನಿಗೆ ಎರಡೆರಡು ಸಾವಿರ.

ಮತ್ತೊಂದು ಸಿಟ್ಟಿನ ತಪ್ಪು, ಕಂತು ನಿಲ್ಲಿಸೋದು. 'ಗಾಡಿಯೇ ಓಡ್ತಿಲ್ಲ, ಕಂತು ಯಾಕೆ ಕಟ್ಲಿ' ಅನಿಸುತ್ತೆ. ಬ್ಯಾಂಕಿನ ಒಪ್ಪಂದ ಬೇರೆ, ಕಂಪನಿಯ ಒಪ್ಪಂದ ಬೇರೆ. ನಿಲ್ಲಿಸಿದ್ರೆ ಸಿಬಿಲ್ ಹೋಗುತ್ತೆ, ಗಾಡಿಯನ್ನೂ ಎಳ್ಕೊಂಡು ಹೋಗಬಹುದು, ಆಮೇಲೆ ತಪಾಸಣೆಗೆ ಗಾಡಿಯೇ ಇರಲ್ಲ. ಮಾವ ಎರಡು ಕಂತಿಗೆ ಅತ್ತೆಯ ಬಳೆ ಅಡವಿಟ್ಟರು. ನನಗೆ ಗೊತ್ತಾಗಿದ್ದು ಆಮೇಲೆ.

ದೂರು ಹಾಕೋದು ನೀವು ಅಂದ್ಕೊಂಡಷ್ಟು ಕಷ್ಟ ಇಲ್ಲ. ಮೊದಲು 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಂದಾಯಿಸಬಹುದು. ಕೆಲವು ಸಲ ಕಂಪನಿ ಅಲ್ಲೇ ಬಗ್ಗುತ್ತೆ. ನಮ್ಮದರಲ್ಲಿ 'ಮತ್ತೊಮ್ಮೆ ಗಾಡಿ ತನ್ನಿ' ಅಂತ ಬಂತು, ಅಷ್ಟೇ. ಆಮೇಲೆ ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ನೋಟಿಸ್. ಇಬ್ಬರಿಗೂ ಅನ್ನೋದು ಮುಖ್ಯ. ಟಾಟಾ ಮೋಟಾರ್ಸ್ ಮತ್ತು ಆಂಟೋನಿಯೊ ಪಾವ್ಲೊ ವಾಜ್ ನಡುವಿನ ಗೋವಾದ ಕೇಸಲ್ಲಿ, ಹಳೇ ಮಾದರಿಯ ಕಾರನ್ನ ಹೊಸದು ಅಂತ ಡೀಲರ್ ಮಾರಿದ್ದಕ್ಕೆ, ಕಂಪನಿಗೆ ಗೊತ್ತಿತ್ತು ಅನ್ನೋದು ಸಾಬೀತಾಗದ ಹೊರತು ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಯಾರ ತಪ್ಪು ಯಾರ ತಲೆಗೆ ಅಂತ ಅವರಿಬ್ಬರೇ ಆಯೋಗದ ಮುಂದೆ ಬಡಿದಾಡಲಿ. ಒಬ್ಬರನ್ನೇ ಕರೆದ್ರೆ, ಕರೆಯದವರ ಕಡೆ ಬೆರಳು ತೋರಿಸ್ತಾರೆ.

ಗಾಡಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ರೆ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಶೋರೂಮ್ ಎಲ್ಲೇ ಇರಲಿ, ಕಂಪನಿ ಪುಣೆಯದ್ದಿರಲಿ ಚೆನ್ನೈದಿರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಹಾಗಾಗಿ ನಮ್ಮದು ಚಿಕ್ಕಮಗಳೂರು. ಶುಲ್ಕ ಎಷ್ಟು ಗೊತ್ತಾ? ಬೆಲೆ 5 ಲಕ್ಷದವರೆಗೆ ಏನೂ ಇಲ್ಲ, 10ರವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಮಾವ 400 ಕಟ್ಟಿದ್ರು. ಇ-ಜಾಗೃತಿ ಪೋರ್ಟಲಲ್ಲಿ ಫೋನಿಂದಲೇ ಹಾಕಬಹುದು, ವಿಡಿಯೋ ಮೂಲಕ ವಿಚಾರಣೆ ಕೇಳಬಹುದು, ವಕೀಲರು ಕಡ್ಡಾಯ ಅಲ್ಲ. ಆದ್ರೆ ಲಾರಿ ಕೇಸಲ್ಲಿ 'ಗ್ರಾಹಕ ಅಲ್ಲ' ಅನ್ನೋ ತಕರಾರು ಗ್ಯಾರಂಟಿ ಇರೋದ್ರಿಂದ ನನ್ನ ಪ್ರಕಾರ ಒಬ್ಬ ವಕೀಲರು ಇದ್ರೆ ಒಳ್ಳೇದು. ಅವಧಿ ಎರಡು ವರ್ಷ. ಸಹಾಯವಾಣಿಯಲ್ಲಿ ಮಾತಾಡ್ತಾ ಕೂತ್ರೆ ಆ ಎರಡು ವರ್ಷ ನಿಮಗಾಗಿ ಕಾಯಲ್ಲ.

ತಾಂತ್ರಿಕ ದೋಷಕ್ಕೆ ಪರಿಣತರ ವರದಿ ಬೇಕು. ಅದಿಲ್ಲದೆ ಬಿದ್ದುಹೋದ ವಾಹನ ಕೇಸುಗಳು ಬಹಳ. ಗಾಡಿಯನ್ನ ಪರೀಕ್ಷೆಗೆ ಕಳಿಸಿ ಅಂತ 38ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು, ಪರೀಕ್ಷೆಯ ಶುಲ್ಕ ಮೊದಲು ನಾವೇ ಕಟ್ಟಬೇಕು, ವರದಿಗೆ 45 ದಿನ. ಪರೀಕ್ಷೆ ಇಲ್ಲದ ದೂರು ಮೂರು ತಿಂಗಳಲ್ಲಿ, ಇರೋದು ಐದು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ವರ್ಷ ದಾಟಿದ್ರೆ ಆಶ್ಚರ್ಯಪಡಬೇಡಿ.

ಏನು ಸಿಗಬಹುದು? 39ನೇ ಸೆಕ್ಷನ್ನಲ್ಲಿ ದೋಷ ಸರಿಪಡಿಸೋದು, ಬದಲಿ ಗಾಡಿ, ಹಣ ವಾಪಸ್, ಪರಿಹಾರ ಎಲ್ಲ ಇದೆ. ಆದ್ರೆ ಮಾವ ನಿರೀಕ್ಷಿಸೋ ಹೊಸ ಗಾಡಿ ಸುಲಭಕ್ಕೆ ಸಿಗಲ್ಲ. 2006ರ ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್‌ಗೋತ್ರಾ ಕೇಸಲ್ಲಿ ಕ್ಲಚ್ ದೋಷ ಇತ್ತು. ಇಡೀ ಕಾರು ಬದಲಿಸೋ ಆದೇಶವನ್ನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದೋಷದ ಭಾಗ ಬದಲಿಸಿ, 50 ಸಾವಿರ ಕೊಡಿ ಅಂತು. ಆದ್ದರಿಂದ ದೂರಿನಲ್ಲಿ ಬದಲಿ ಗಾಡಿ, ಇಲ್ಲದಿದ್ರೆ ಹಣ, ಅದೂ ಇಲ್ಲದಿದ್ರೆ ಪೂರ್ತಿ ರಿಪೇರಿ, ಹೆಚ್ಚುವರಿ ವಾರಂಟಿ ಮತ್ತು ನಿಂತ ದಿನಗಳ ನಷ್ಟ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳಿದ್ದೀವಿ. ಮೊದಲನೇದು ಸಿಗದಿದ್ರೆ ಬರಿಗೈಲಿ ಬರಬಾರದು.

ನಿಮಗೊಬ್ಬರಿಗಲ್ಲ, ಅದೇ ಮಾದರಿಯ ಗಾಡಿಗಳಲ್ಲೆಲ್ಲ ಇದೇ ತೊಂದರೆ ಇದ್ದು, ಅದರಿಂದ ಜನರಿಗೋ ಪರಿಸರಕ್ಕೋ ಅಪಾಯ ಇದ್ರೆ, ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ ಇದೆ. 2021ರ ಏಪ್ರಿಲ್‌ನಿಂದ ಸರ್ಕಾರವೇ ಕಂಪನಿಗೆ ವಾಪಸಾತಿ ಆದೇಶ ಕೊಡಬಹುದು. ಏಳು ವರ್ಷದೊಳಗಿನ ಗಾಡಿಗೆ ಇದು ಅನ್ವಯ. ನಿಮ್ಮ ಚಾಸಿಸ್ ನಂಬರ್ ಯಾವುದಾದ್ರೂ ರೀಕಾಲ್ ಪಟ್ಟಿಯಲ್ಲಿ ಇದೆಯಾ ಅಂತ ಕಂಪನಿ ವೆಬ್‌ಸೈಟಲ್ಲಿ ಒಮ್ಮೆ ನೋಡಿ, ಎರಡು ನಿಮಿಷದ ಕೆಲಸ.

ಹತ್ತು ಲಾರಿ ಇಟ್ಕೊಂಡು ಡ್ರೈವರ್‌ಗಳಿಂದ ಓಡಿಸೋರಿಗೆ ಗ್ರಾಹಕ ಆಯೋಗದ ದಾರಿ ಕಷ್ಟ. ಅವರಿಗೆ ಸಿವಿಲ್ ಕೋರ್ಟು, ಅದೇ 1930ರ ಕಾಯ್ದೆ. ಅವಧಿ ಮೂರು ವರ್ಷ ಸಿಗುತ್ತೆ, ಆದ್ರೆ ಕೋರ್ಟ್ ಫೀ 400 ರೂಪಾಯಿ ಆಗಿರಲ್ಲ.

ನಮ್ಮ ಕೇಸ್ ಎಲ್ಲಿದೆ ಅಂದ್ರೆ, ಕಂಪನಿ ಉತ್ತರ ಬಂದಿದೆ, ಮೊದಲ ಪ್ಯಾರಾ ನಾನು ಹೇಳಿದ ಹಾಗೇ ಇದೆ. ಮಧ್ಯಸ್ಥಿಕೆಯಲ್ಲಿ ಎರಡು ವರ್ಷ ಹೆಚ್ಚುವರಿ ವಾರಂಟಿ ಕೊಡ್ತೀವಿ, ಕೇಸ್ ವಾಪಸ್ ತಗೊಳ್ಳಿ ಅಂದ್ರು. ನಾನು ಒಪ್ಪಿಕೊಳ್ಳೋಣ ಅನ್ನೋ ಕಡೆ ಇದ್ದೆ, ಮಾವ ಒಪ್ಪಲಿಲ್ಲ. 'ವಾರಂಟಿ ಈಗಲೂ ಇದೆಯಲ್ಲ ಮಾರಾಯ್ತಿ, ಇದ್ದೇ ಏನಾಯ್ತು?' ಅಂದ್ರು. ತಪಾಸಣೆಗೆ ಅರ್ಜಿ ಹಾಕಿದ್ದೀವಿ. ಅಲ್ಲೀವರೆಗೆ ಬೇರೆ ಕಡೆ ರಿಪೇರಿ ಮಾಡಿಸೋ ಹಾಗಿಲ್ಲ, ಹಾಗಾಗಿ ಗಾಡಿ 20 ಚೀಲಕ್ಕಿಂತ ಹೆಚ್ಚು ಹೊರದೆ, ಹಳದಿ ಲೈಟ್ ಹಾಕ್ಕೊಂಡೇ ಓಡ್ತಿದೆ.

ವರದಿ ಬಂದ ದಿನ ಇಲ್ಲೇ ಹೇಳ್ತೀನಿ. ನಿಮ್ಮಲ್ಲಿ ಯಾರಾದ್ರೂ ಇಂಥ ಕೇಸ್ ನಡೆಸಿದ್ರೆ, ಗೆದ್ದಿರಲಿ ಸೋತಿರಲಿ, ಒಂದು ವಾಯ್ಸ್ ನೋಟ್ ಕಳಿಸಿ. ಮಾವನಿಗೂ ಕೇಳಿಸ್ತೀನಿ.